ಸಾಠ್ ಕಬರಿನ ದಾರಿಯಲ್ಲಿ

ಊರೆಂದ ಮೇಲೆ ಅಲ್ಲೊಂದು ಅಂಜಿಕೆಯ ತಾಣ ಇದ್ದೇ ಇರುತ್ತದೆ. ಅದು ಹಳೆಯ ಹುಣಸೆಯ ಮರವಿರಬಹುದು, ಮೆಟ್ಟಿಲು ಕುಸಿದ ಬಾವಿಯಿರಬಹುದು, ಬಾಗಿಲಿಲ್ಲದ ಗುಮ್ಮಟವಿರಬಹುದು. ಹಗಲಿನಲ್ಲಿ ಕುರಿಗಾಹಿಗಳು ಅದರ ನೆರಳಿನಲ್ಲಿಯೇ ಕುಳಿತು ಬುತ್ತಿ ಬಿಚ್ಚುತ್ತಾರೆ. ಹೊತ್ತು ಮುಳುಗಿತೆಂದರೆ ಅವರೇ ಆ ದಾರಿಯನ್ನು ಬಿಟ್ಟು ಸುತ್ತು ಹಾಕಿಕೊಂಡು ಮನೆಗೆ ಬರುತ್ತಾರೆ. ಇಂತಹ ತಾಣಗಳು ವಿಜಯಪುರದ ಸುತ್ತಮುತ್ತ ಇರುವಷ್ಟು ಬೇರೆಡೆಯಲ್ಲಿ ವಿರಳ. ಇದಕ್ಕೆ ಕಾರಣವೂ ಉಂಟು. 1490ರಿಂದ 1686ರ ವರೆಗೆ, ಸುಮಾರು ಇನ್ನೂರು ವರ್ಷಗಳ ಕಾಲ, ಇದು ಆದಿಲಶಾಹಿ ಅರಸರ ರಾಜಧಾನಿಯಾಗಿತ್ತು. ಔರಂಗಜೇಬನು ಕೋಟೆಯನ್ನು ಹಿಡಿದ ತರುವಾಯ ಅರಮನೆಗಳು ಬರಿದಾದವು, ಜನ ಚದುರಿದರು, ಕಲ್ಲುಗಳು ಉಳಿದವು. ಒಡೆಯರಿಲ್ಲದ ಕಲ್ಲುಗಳಿಗೆ ಜನರು ಕಥೆಗಳನ್ನು ಕಟ್ಟಿದರು.

ಆ ಕಥೆಗಳನ್ನೆಲ್ಲ ಸುಳ್ಳೆಂದು ತಳ್ಳಿಬಿಡುವುದು ಸುಲಭ. ನಿಜವೆಂದು ನಂಬಿಬಿಡುವುದು ಇನ್ನೂ ಸುಲಭ. ಇವೆರಡರ ನಡುವೆ ನಿಂತು ನೋಡುವುದಕ್ಕೆ ಸ್ವಲ್ಪ ತಾಳ್ಮೆ ಬೇಕಾಗುತ್ತದೆ. ಮೊದಲು ಗೋಳಗುಮ್ಮಟವನ್ನೇ ನೋಡೋಣ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಹನ ಸಮಾಧಿಯಿದು. ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ನಿಂತು ಗೋಡೆಯ ಕಡೆಗೆ ಮುಖ ಮಾಡಿ ಪಿಸುಗುಟ್ಟಿದರೆ, ಎದುರು ಬದಿಯಲ್ಲಿ ಕಿವಿಗೊಟ್ಟು ನಿಂತವನಿಗೆ ಅದು ಪಕ್ಕದಲ್ಲಿಯೇ ಆಡಿದ ಮಾತಿನಂತೆ ಕೇಳುತ್ತದೆ. ನಡುವಿನ ಅಂತರವಾದರೋ ಸುಮಾರು 38 ಮೀಟರು. ನಮ್ಮ ಬಾಲ್ಯದಲ್ಲಿ ಅಜ್ಜಿಯರು, ಗೋಡೆಯೊಳಗೆ ಯಾರೋ ಇದ್ದಾರೆ, ಅವರೇ ಮಾತನ್ನು ಒಯ್ದು ಮುಟ್ಟಿಸುತ್ತಾರೆ ಎನ್ನುತ್ತಿದ್ದರು. ಆ ಮಾತಿನಲ್ಲಿ ಅರ್ಧದಷ್ಟು ಸತ್ಯವಿದೆ. ಮಾತನ್ನು ಒಯ್ಯುವುದು ಗೋಡೆಯೇ. ನುಣುಪಾದ ದುಂಡು ಗೋಡೆಗೆ ಓರೆಯಾಗಿ ತಾಗಿದ ಧ್ವನಿಯ ಅಲೆಗಳು ಸುತ್ತೆಲ್ಲ ಚದುರದೆ, ಗೋಡೆಯನ್ನು ಸವರಿಕೊಂಡೇ ಸಾಗುತ್ತವೆ. ಲಂಡನ್ನಿನ ಸಂತ ಪಾಲರ ಇಗರ್ಜಿಯಲ್ಲಿಯೂ ಇಂತಹುದೇ ಮೊಗಸಾಲೆಯಿದೆ. ಲಾರ್ಡ್ ರ್‍ಯಾಲೆ ಎಂಬ ವಿಜ್ಞಾನಿ ಇದರ ಗುಟ್ಟನ್ನು ವಿವರಿಸಿದನು. ನಮ್ಮ ಸರ್ ಸಿ. ವಿ. ರಾಮನ್ನರು 1921ರಲ್ಲಿ ಅಲ್ಲಿಯೇ ಪ್ರಯೋಗ ನಡೆಸಿದರು. ಚಪ್ಪಾಳೆಯೊಂದು ಹಲವು ಸಲ ಮರುಗುಡುವುದಕ್ಕೂ ಲೆಕ್ಕವಿದೆ. ಧ್ವನಿಯು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಎದುರು ಗೋಡೆಗೆ ಹೋಗಿ ಮರಳುವುದಕ್ಕೆ 76 ಮೀಟರು, ಎಂದರೆ ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಕಾಲ ಬೇಕು. ಸೆಕೆಂಡಿನ ಹತ್ತನೆಯ ಒಂದು ಪಾಲು ಅಂತರವಿದ್ದರೂ ನಮ್ಮ ಕಿವಿ ಎರಡು ಸದ್ದುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. ಆದುದರಿಂದಲೇ ಪ್ರತಿಯೊಂದು ಮರುದನಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಈಗ ಅಲ್ಲಿ ಕೂಗಾಡುವವರೇ ಹೆಚ್ಚು. ಬೆಳಗ್ಗೆ ಬಾಗಿಲು ತೆರೆಯುತ್ತಲೇ ಹೋದವರಿಗೆ ಮಾತ್ರ ಪಿಸುಮಾತಿನ ಸೊಗಸು ದೊರೆಯುತ್ತದೆ.

ಬಾರಾಕಮಾನಿನ ಕಥೆಯನ್ನು ನೀವು ಕೇಳಿರಬಹುದು. ಎರಡನೆಯ ಅಲಿ ಆದಿಲಶಹನು ತಂದೆಯ ಗುಮ್ಮಟವನ್ನು ಮೀರಿಸುವ ಸಮಾಧಿಯನ್ನು ಕಟ್ಟತೊಡಗಿದನಂತೆ. ಅದರ ನೆರಳು ಗೋಳಗುಮ್ಮಟದ ಮೇಲೆ ಬೀಳುವುದೆಂದು ತಿಳಿದು ಕೆಲಸವನ್ನು ನಿಲ್ಲಿಸಿದರಂತೆ. ಕೇಳಲು ಬಹಳ ಚೆನ್ನಾಗಿದೆ. ಆದರೆ ಎರಡು ಕಟ್ಟಡಗಳ ನಡುವೆ ಒಂದು ಕಿಲೋಮೀಟರಿಗಿಂತ ಹೆಚ್ಚಿನ ದೂರವಿದೆ. ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರು. ಅಷ್ಟೇ ಎತ್ತರದ ಕಟ್ಟಡದ ನೆರಳು ಒಂದು ಕಿಲೋಮೀಟರು ಚಾಚಬೇಕಾದರೆ ಸೂರ್ಯನು ದಿಗಂತದಿಂದ ಮೂರು ಅಂಶ ಮಾತ್ರ ಮೇಲಿರಬೇಕು. ಎಂದರೆ ಮುಳುಗುವುದಕ್ಕೆ ಸುಮಾರು ಹನ್ನೆರಡು ನಿಮಿಷ ಮೊದಲು. ಆ ಹೊತ್ತಿನ ಮಸುಕು ನೆರಳಿಗಾಗಿ ಯಾವ ಅರಸನೂ ಕಟ್ಟಡವನ್ನು ನಿಲ್ಲಿಸಲಾರನು. ಅಲಿ 1672ರಲ್ಲಿ ತೀರಿಕೊಂಡನು. ರಾಜ್ಯವು ಒಂದೆಡೆ ಮೊಗಲರಿಂದ, ಇನ್ನೊಂದೆಡೆ ಮರಾಠರಿಂದ ಇಕ್ಕಟ್ಟಿಗೆ ಸಿಲುಕಿತ್ತು. ಕರಿಕಲ್ಲಿನ ಕಮಾನುಗಳು ಹಾಗೆಯೇ ಆಕಾಶಕ್ಕೆ ಬಾಯಿ ತೆರೆದುಕೊಂಡು ನಿಂತವು.

ಪಶ್ಚಿಮದ ಕೋಟೆಗೋಡೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡದೆ ಮುಂದಕ್ಕೆ ಹೋಗುವಂತಿಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ಭಾರಿ ತೋಪಿನ ಬಾಯಿಯಲ್ಲಿ, ಆನೆಯನ್ನು ನುಂಗುತ್ತಿರುವ ಸಿಂಹದ ಮುಖವಿದೆ. ಇದನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ! ಹರಾಜು ರದ್ದಾದುದು ನಮ್ಮ ಪುಣ್ಯ.

ಊರಿನಿಂದ ನೈರುತ್ಯಕ್ಕೆ ಬಬಲೇಶ್ವರದ ಕಡೆಗೆ ಹೋದರೆ ಎರೆಭೂಮಿ ಬಯಲಾಗಿ ಹರಡಿಕೊಳ್ಳುತ್ತದೆ. ಕಣ್ಣಿಗೆ ತಡೆಯೇ ಇಲ್ಲ. ಅಂತಹ ಬಯಲಿನಲ್ಲಿ ಮಮದಾಪುರದ ಕೆರೆಗಳನ್ನು ಕಂಡಾಗ ಆಶ್ಚರ್ಯವಾಗುತ್ತದೆ. ಮಹಮ್ಮದ್ ಆದಿಲಶಹನ ಕಾಲದ ಕೆರೆಗಳಿವು. ಊರಿನ ಹೆಸರೂ ಅವನದೇ. ದೊಡ್ಡ ಕೆರೆಯೆಂದರೆ ನಮ್ಮ ನಾಡಿನಲ್ಲಿ ಒಂದು ಬಲಿಯ ಕಥೆ ಬಂದೇ ಬರುತ್ತದೆ. ನೀರು ಬಾರದ ಕೆರೆಗೆ ಕಿರಿಯ ಸೊಸೆಯನ್ನು ಹಾರವಾಗಿ ಕೊಟ್ಟ ಕಥೆಯನ್ನು ನೀವು ಕೇಳಿದ್ದೀರಿ. ಇಂತಹ ಕಥೆಗಳಲ್ಲಿ ನೀರಿಗೆ ಹೋಗುವವಳು ಯಾವಾಗಲೂ ಹೆಣ್ಣೇ ಆಗಿರುತ್ತಾಳೆ ಎಂಬುದನ್ನು ಗಮನಿಸಿರಿ. ಮುಂದೆ ಈ ಮಾತು ನೆನಪಿಗೆ ಬರಲಿದೆ.

ಇನ್ನು ತಿಕೋಟಾ ದಾರಿ. ಇಂದು ತಿಕೋಟಾ ಎಂದರೆ ದ್ರಾಕ್ಷಿಯ ತೋಟಗಳ, ಒಣದ್ರಾಕ್ಷಿಯ ನೆನಪಾಗುತ್ತದೆ. ಆದರೆ ವಿಜಯಪುರವನ್ನು ಬಿಟ್ಟು ಆ ಕಡೆಗೆ ಆರೇಳು ಕಿಲೋಮೀಟರು ಹೋಗುವುದರೊಳಗೆ ತೊರವಿ ಸಿಗುತ್ತದೆ. ಕುಮಾರ ವಾಲ್ಮೀಕಿ ಎಂದು ಹೆಸರಾದ ನರಹರಿ ಕವಿ ತೊರವೆ ರಾಮಾಯಣವನ್ನು ಹೇಳಿದ್ದು ಇಲ್ಲಿಯ ನರಸಿಂಹನ ಸನ್ನಿಧಿಯಲ್ಲಿ. ದೇವರಿರುವುದು ನೆಲಮಟ್ಟಕ್ಕಿಂತ ಕೆಳಗೆ. ಕತ್ತಲೆಯೊಳಗೆ ಬಾಗಿಕೊಂಡು ಇಳಿಯಬೇಕು. ಹತ್ತಿರದಲ್ಲಿಯೇ ನವರಸಪುರದ ಹಾಳುಗಳಿವೆ. ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಮನು 1599ರಲ್ಲಿ ಈ ಹೊಸ ನಗರವನ್ನು ಆರಂಭಿಸಿದನು. ಕಾಲು ಶತಮಾನ ತುಂಬುವಷ್ಟರಲ್ಲಿ, 1624ರಲ್ಲಿ, ಅಹಮದನಗರದ ಮಲಿಕ್ ಅಂಬರನು ಇದನ್ನು ಲೂಟಿ ಮಾಡಿದನು. ಅಲ್ಲಿಯ ಸಂಗೀತ ಮಹಲಿನ ಎತ್ತರದ ಕಮಾನಿನ ಕೆಳಗೆ ಸಂಜೆ ಕೇಳಿಸುವುದು ಪಾರಿವಾಳಗಳ ಗುಟುರು ಮತ್ತು ಬಾವಲಿಗಳ ರೆಕ್ಕೆಯ ಸದ್ದು. ಹೆಜ್ಜೆಯ ಗೆಜ್ಜೆ ಕೇಳಿಸಿತೆಂದು ಆಣೆಯಿಟ್ಟು ಹೇಳುವವರನ್ನೂ ನಾನು ಬಲ್ಲೆ.

ತೊರವಿಯಿಂದ ಕೋಟೆಗೆ ಕಳ್ಳಸುರಂಗವಿದೆ, ಅದರೊಳಗೆ ಕುದುರೆಯ ಸವಾರರು ಓಡಾಡುತ್ತಿದ್ದರು ಎಂಬ ಮಾತು ಈ ಭಾಗದಲ್ಲಿ ಜನಜನಿತವಾಗಿದೆ. ಸುರಂಗವಿರುವುದು ದಿಟ. ಆದರೆ ಅದರೊಳಗೆ ಓಡಾಡಿದ್ದು ನೀರು. ಪರ್ಷಿಯಾ ದೇಶದಿಂದ ಬಂದ ಕರೇಜ್ ಎಂಬ ವಿದ್ಯೆಯಿದು. ಎತ್ತರದ ನೆಲದಲ್ಲಿ ಒಸರುವ ಅಂತರ್ಜಲವನ್ನು, ಅತಿ ಸಣ್ಣ ಇಳುಕಲಿನ ನೆಲದೊಳಗಿನ ಕಾಲುವೆಯಲ್ಲಿ ಊರಿಗೆ ಹರಿಸುತ್ತಿದ್ದರು. ಬಿಸಿಲಿಗೆ ನೀರು ಆವಿಯಾಗುವುದಿಲ್ಲ, ಶತ್ರುವಿನ ಕಣ್ಣಿಗೂ ಬೀಳುವುದಿಲ್ಲ. ಕಾಲುವೆಯನ್ನು ಅಗೆಯುವಾಗ ಮಣ್ಣನ್ನು ಮೇಲೆತ್ತಲು, ಗಾಳಿ ಬರಲು, ಆಮೇಲೆ ಹೂಳು ತೆಗೆಯಲು ಅಲ್ಲಲ್ಲಿ ನೇರವಾದ ಬಾವಿಗಳನ್ನು ಬಿಟ್ಟಿದ್ದರು. ಹೊಲದ ನಡುವೆ ಸಾಲಾಗಿ ಕಾಣುವ ಈ ಕುಣಿಗಳೇ ಕಥೆಗಳಿಗೆ ಬಾಯಾದವು. ಇವುಗಳ ಅಂಚಿಗೆ ಹೋಗಿ ಬಗ್ಗಿ ನೋಡಬಾರದು. ದೆವ್ವದ ಅಂಜಿಕೆಯಿಂದಲ್ಲ, ಅಂಚಿನ ಮಣ್ಣು ಸಡಿಲವಾಗಿರುತ್ತದೆ.

ಇದೇ ಪಡುವಣ ಹೊರವಲಯದಲ್ಲಿ, ಹೊಲಗಳ ನಡುವೆ, ಸಾಠ್ ಕಬರ್ ಇದೆ. ಸಾಠ್ ಎಂದರೆ ಅರುವತ್ತು. ಕಬರ್ ಎಂದರೆ ಗೋರಿ. ಹೆಸರು ಅರುವತ್ತೆಂದರೂ ಎಣಿಸಿದವರು ಅರುವತ್ತಮೂರು ಎನ್ನುತ್ತಾರೆ, ಕೆಲವರು ಅರುವತ್ತನಾಲ್ಕು ಎನ್ನುತ್ತಾರೆ. ಒಂದೇ ಅಳತೆಯ, ಒಂದೇ ಬಗೆಯ ಕರಿಕಲ್ಲಿನ ಗೋರಿಗಳು, ಕವಾಯತಿಗೆ ನಿಂತ ಮಕ್ಕಳಂತೆ ಸಾಲುಸಾಲಾಗಿವೆ. ಒಂದು ಗೋರಿ ತೆರೆದಿದೆ, ಒಳಗೆ ಬರಿದು. ಮೇಲ್ಭಾಗ ಚಪ್ಪಟೆಯಾಗಿರುವುದರಿಂದ ಇವು ಹೆಂಗಸರ ಗೋರಿಗಳೆಂದು ತಿಳಿಯುತ್ತದೆ. ಗಂಡಸರ ಗೋರಿಯಾಗಿದ್ದರೆ ಮೇಲೆ ಉಬ್ಬಿದ ಏಣು ಇರುತ್ತದೆ.

ಜನರು ಹೇಳುವ ಕಥೆ ಹೀಗಿದೆ. 1659ರಲ್ಲಿ ಬಿಜಾಪುರದ ಸೇನಾನಿ ಅಫ್ಜಲಖಾನನು ಶಿವಾಜಿಯ ಮೇಲೆ ದಂಡೆತ್ತಿ ಹೊರಟನು. ಈ ಯುದ್ಧದಿಂದ ನೀನು ಮರಳಿ ಬರುವುದಿಲ್ಲ ಎಂದು ಜೋಯಿಸನೊಬ್ಬನು ನುಡಿದನು. ತಾನು ಸತ್ತ ಮೇಲೆ ತನ್ನ ಹೆಂಡಂದಿರು ಪರರ ಪಾಲಾಗಬಾರದೆಂದು ಬಗೆದ ಖಾನನು ಅವರನ್ನೆಲ್ಲ ಒಬ್ಬೊಬ್ಬರಾಗಿ ಬಾವಿಗೆ ನೂಕಿಸಿದನು. ಒಬ್ಬಳು ಮಾತ್ರ ಓಡಿದಳು. ಅವಳನ್ನೂ ಹಿಡಿದು ಕೊಂದರು. ತೆರೆದ ಗೋರಿ ಅವಳಿಗೆಂದು ಅಗೆದದ್ದು ಎಂದು ಕೆಲವರ ಮಾತು. ಅಮಾವಾಸ್ಯೆಯ ರಾತ್ರಿ ಬಾವಿಯಿಂದ ಅಳು ಕೇಳುತ್ತದೆ ಎಂದು ಕಥೆಯನ್ನು ಮುಗಿಸುತ್ತಾರೆ.

ಇದರಲ್ಲಿ ಇತಿಹಾಸವೆಷ್ಟು? ಅಫ್ಜಲಖಾನನು ಹೊರಟದ್ದು ನಿಜ, ಮರಳಿ ಬಾರದಿದ್ದುದೂ ನಿಜ. 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಅವನು ಶಿವಾಜಿಯ ಕೈಯಲ್ಲಿ ಹತನಾದನು; ಅಲ್ಲಿಯೇ ಅವನನ್ನು ಹೂಳಿದರು. ಅಂದಿನ ಸರದಾರರ ಪದ್ಧತಿಯಂತೆ ಅವನು ಬದುಕಿರುವಾಗಲೇ ಇಲ್ಲಿ ತನಗೆ ಸಮಾಧಿಯನ್ನೂ ಅದರ ಪಕ್ಕದಲ್ಲಿ ಮಸೀದಿಯನ್ನೂ ಕಟ್ಟಿಸತೊಡಗಿದ್ದನು. ಆ ಸಮಾಧಿ ಒಡೆಯನಿಲ್ಲದೆ ಉಳಿಯಿತು. ಇಷ್ಟರ ವರೆಗೆ ನೆಲ ಗಟ್ಟಿಯಾಗಿದೆ. ಅಲ್ಲಿಂದ ಮುಂದೆ ಐತಿಹ್ಯ. ಗೋರಿಗಳು ಒಂದೇ ಬಗೆಯಾಗಿರುವುದು ಕಥೆಗೆ ಬೆಂಬಲ ಕೊಡುತ್ತದೆ. ಹಲವು ಕಾಲದಲ್ಲಿ ಸತ್ತವರ ಗೋರಿಗಳು ಹೀಗೆ ಒಂದೇ ಅಚ್ಚಿನಲ್ಲಿ ಇರುವುದು ಅಪರೂಪ. ಆದರೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಅರುವತ್ತಕ್ಕೂ ಮಿಕ್ಕಿದ ಗೋರಿಗಳಿಗೆ ಇಷ್ಟು ಅಚ್ಚುಕಟ್ಟಾಗಿ ಕಲ್ಲು ಕಡೆಯುವುದು ಒಂದೆರಡು ದಿನಗಳ ಕೆಲಸವಲ್ಲ. ದಂಡಿಗೆ ಹೊರಟವನಿಗೆ ಅಷ್ಟು ಬಿಡುವೆಲ್ಲಿತ್ತು? ಮೊದಲೇ ಕಡೆಸಿಟ್ಟಿದ್ದರೆ ಅದು ಜೋಯಿಸನ ಮಾತಿಗಿಂತ ಮುಂಚಿನ ಮಾತಾಯಿತು. ಅವನು ಸತ್ತ ಮೇಲೆ ಕಡೆದಿದ್ದರೆ, ಆ ಹೆಂಗಸರ ಮೇಲೆ ಅಷ್ಟು ಅಕ್ಕರೆ ಇದ್ದವರು ಯಾರು? ಎಲ್ಲರೂ ಅವನ ಹೆಂಡಂದಿರೇ ಆಗಿರಬೇಕೆಂದೇನೂ ಇಲ್ಲ. ದೊಡ್ಡ ಸರದಾರನ ಜನಾನಾದಲ್ಲಿ ತಾಯಂದಿರು, ಅಕ್ಕತಂಗಿಯರು, ಹೆಣ್ಣುಮಕ್ಕಳು, ದಾಸಿಯರು ಎಲ್ಲರೂ ಇರುತ್ತಿದ್ದರು. ಮನೆತನದ ಹೆಂಗಸರಿಗೆಂದು ಮೀಸಲಾಗಿದ್ದ ರುದ್ರಭೂಮಿ ಇದಾಗಿರಬಹುದು ಎನ್ನುವವರ ಮಾತನ್ನೂ ತೆಗೆದುಹಾಕುವಂತಿಲ್ಲ. ನನ್ನ ಮನಸ್ಸು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ವಾಲುತ್ತದೆ.

ಹಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹುಡುಗರು ಗೋರಿಯಿಂದ ಗೋರಿಗೆ ಹಾರುತ್ತ ಒಬ್ಬರನ್ನೊಬ್ಬರು ಹೆದರಿಸುತ್ತಿದ್ದರು. ಒಬ್ಬನು ಬಾವಿಯ ಕಡೆಯಿಂದ ನರಳಿಕೆ ಕೇಳಿತೆಂದು ಓಡಿಬಂದನು. ಹೋಗಿ ನೋಡಿದಾಗ ಕಲ್ಲಿನ ಸಂದಿನಿಂದ ಎರಡು ಪಾರಿವಾಳಗಳು ಹಾರಿಹೋದವು. ಎಲ್ಲರೂ ನಕ್ಕರು. ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಅವಳು ಕೊನೆಯ ಸಾಲಿನ ಗೋರಿಯೊಂದರ ಬಳಿ ನಿಂತು, “ಇವರ ಹೆಸರು ಏನು ಗುರುಗಳೇ?” ಎಂದು ಕೇಳಿದಳು. ಗೋಳಗುಮ್ಮಟದ ನೆರಳಿನಲ್ಲಿ ಮಲಗಿರುವ ಹೆಂಗಸರ ಹೆಸರುಗಳು ನನಗೆ ಗೊತ್ತಿದ್ದವು: ತಾಜಜಹಾನ್ ಬೇಗಮ್, ಅರೂಸ್ ಬೀಬಿ, ನರ್ತಕಿ ರಂಭಾ. ಈ ಅರುವತ್ತಮೂವರಲ್ಲಿ ಒಬ್ಬಳ ಹೆಸರನ್ನೂ ನಾನು ಹೇಳಲಾರದೆ ಹೋದೆ. ಅವಳ ಕಾಲಿನ ಬಳಿಯ ಕಲ್ಲಿನ ಮೇಲೆ ಇದ್ದಲಿಯಿಂದ ಬರೆದ ಹೆಸರುಗಳೇನೋ ಇದ್ದವು. ಅವು ನಮ್ಮಂತೆ ನೋಡಲು ಬಂದವರವು. ಅವಳು ತನ್ನ ನೀರಿನ ಸೀಸೆಯನ್ನು ಬಿಚ್ಚಿ, ಕರವಸ್ತ್ರವನ್ನು ನೆನೆಸಿ ಒರೆಸತೊಡಗಿದಳು. ಹಾರುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಕೆಳಗಿಳಿದರು.

ಹೊತ್ತು ಇಳಿಯುತ್ತಿತ್ತು. ದಾರಿಗೆ ಬಂದು ತಿಕೋಟಾದ ಕಡೆಯಿಂದ ಬರುವ ಬಸ್ಸಿಗಾಗಿ ಕಾದೆವು. ಗೋರಿಗಳು ಅರುವತ್ತಮೂರೋ ಅರುವತ್ತನಾಲ್ಕೋ ಎಂದು ಹುಡುಗರಲ್ಲಿ ಜಗಳ ಹತ್ತಿತು. ಊರು ಮುಟ್ಟುವ ತನಕ ಅದು ಮುಗಿಯಲಿಲ್ಲ. ಮರುವಾರ ಅವರಲ್ಲೊಬ್ಬನು ಸೈಕಲ್ಲಿನ ಮೇಲೆ ಒಬ್ಬನೇ ಹೋಗಿ, ಎಣಿಸಿ ಬಂದು, “ಅರುವತ್ತಮೂರೇ ಸರಿ, ಗುರುಗಳೇ” ಎಂದನು. ತೆರೆದ ಗೋರಿಯನ್ನು ಸೇರಿಸಿಯೋ ಬಿಟ್ಟೋ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡನು. ಮುಂದಿನ ಭಾನುವಾರ ಮತ್ತೆ ಸೈಕಲ್ಲನ್ನು ಹೊರಗೆ ತೆಗೆದನು.