ಹಳೆಯ ಫಿಯೆಟ್ಟಿನ ಮುಂಗಾಲುಗಳು

ಮುಂಬಯಿಯ ಬೀದಿಗಳಿಂದ ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಯು ಕಣ್ಮರೆಯಾದುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಆ ಜಾತಿಯ ಕೊನೆಯ ಟ್ಯಾಕ್ಸಿಯು ತಾರದೇವದ ಸಾರಿಗೆ ಕಚೇರಿಯಲ್ಲಿ 2003ರ ಅಕ್ಟೋಬರ್ 29ರಂದು ದಾಖಲಾಗಿತ್ತು. ಟ್ಯಾಕ್ಸಿಗಳಿಗೆ ವಿಧಿಸಲಾದ 20 ವರ್ಷಗಳ ಮಿತಿ ತೀರಿದೊಡನೆ, 2023ರ ಅಕ್ಟೋಬರ್ 30ರಿಂದ ಅವುಗಳ ಬಾಡಿಗೆಯ ಬಾಳು ಮುಗಿಯಿತು. ಆದರೆ ಖಾಸಗಿ ಒಡೆತನದ ಪದ್ಮಿನಿಗಳು ಇನ್ನೂ ಅಲ್ಲಲ್ಲಿ ಉಳಿದುಕೊಂಡಿವೆ. 15 ವರ್ಷ ತುಂಬಿದ ಬಳಿಕ ಪರೀಕ್ಷೆಗೆ ಒಳಪಟ್ಟು, ನೋಂದಣಿಯನ್ನು ನವೀಕರಿಸಿಕೊಂಡು ಅವು ಓಡಾಡುತ್ತಿವೆ. ನಮ್ಮದೂ ಅಂಥದೊಂದು.

ನಮ್ಮ ವಾಚಕರಲ್ಲಿ ಮೋಟಾರಿನ ಒಡೆಯರು ಕೆಲವರೇ ಇರಬಹುದು. ಆದರೆ ಹೋಟೆಲಿನ ಯಜಮಾನರ ಹಳೆಯ ಕಾರನ್ನು ನಡೆಯಿಸುವವರು, ಕೂಡಿಟ್ಟ ಹಣದಿಂದ ಯಾರೋ ಬಳಸಿ ಬಿಟ್ಟ ಬಂಡಿಯನ್ನು ಕೊಂಡವರು, ರಜೆ ಬಂದಾಗ ನಾಲ್ವರು ಜೊತೆಗೂಡಿ ಅಂಥ ಬಂಡಿಯಲ್ಲಿಯೇ ಊರಿಗೆ ಹೊರಡುವವರು ಅನೇಕರಿದ್ದಾರೆ. ಅವರಿಗೆ ಪ್ರಯೋಜನವಾದೀತೆಂಬ ಉದ್ದೇಶದಿಂದ, ನಮಗಾದ ಅನುಭವವನ್ನು ಇಲ್ಲಿ ಸಂಕೋಚವಿಲ್ಲದೆ ನಿವೇದಿಸುತ್ತಿದ್ದೇವೆ.

ಘಾಟಿಯಲ್ಲಿ ನಡೆದುದು

2016ರ ಮೇ ತಿಂಗಳಿನಲ್ಲಿ ಕುಂದಾಪುರದಲ್ಲಿ ನಮ್ಮ ಅಕ್ಕನ ಮೊಮ್ಮಗಳ ಮದುವೆ. ನಾವು, ನಮ್ಮ ಮನೆಯವರು, ಎಪ್ಪತ್ತು ದಾಟಿದ ಅಕ್ಕ, ಪರಿಚಯದ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುವ ತರುಣನೊಬ್ಬ, ಹೀಗೆ ನಾಲ್ವರು ನಸುಕಿನಲ್ಲಿಯೇ ಮುಂಬಯಿಯಿಂದ ಹೊರಟೆವು.

ಬಂಡಿಯು ನಮಗೆ ಮುನ್ಸೂಚನೆ ಕೊಡದೆ ಇರಲಿಲ್ಲ. ವರ್ಷದಿಂದ ಅದು ತುಸು ಎಡಕ್ಕೆ ಎಳೆಯುತ್ತಿತ್ತು. ಹೊಂಡಕ್ಕೆ ಇಳಿದಾಗ ಮುಂಭಾಗದಲ್ಲಿ 'ಟಕ್' ಎಂಬ ಸದ್ದು ಕೇಳುತ್ತಿತ್ತು. ಮುಂದಿನ ಟೈರುಗಳ ಒಂದು ಅಂಚು ಮಾತ್ರ ಬೋಳಾಗಿತ್ತು. ಹೊರಡುವ ಮುಂಚೆ ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿಯವರು ಎಡಗಡೆಯ ಶಾಕ್ ಅಬ್ಸಾರ್ಬರನ್ನೂ ಎರಡು ಟೈರುಗಳನ್ನೂ ಬದಲಿಸಿ, "ಕೀಲುಗಳನ್ನು ಬಿಚ್ಚಿ ನೋಡಿದರೆ ಒಳ್ಳೆಯದು, ಎರಡು ದಿನ ಬೇಕು" ಎಂದರು. ಮದುವೆ ಮುಗಿಯಲಿ, ಆಮೇಲೆ ನೋಡೋಣ ಎಂದೆವು. ಹೊಸ ಟೈರಿನ ಮೇಲೆ ಬಂಡಿಯು ಮೆತ್ತಗೆ ಓಡಿದುದನ್ನು ಕಂಡು, ಹಣ ಉಳಿಯಿತೆಂದು ಸಂತೋಷವನ್ನೂ ಪಟ್ಟೆವು.

ಪೋಲಾದ್‌ಪುರವನ್ನು ದಾಟಿ ಕಶೇಡಿ ಘಾಟಿಯನ್ನು ಏರಿ ಇಳಿಯುತ್ತಿದ್ದೆವು. ಒಂದು ತಿರುವಿನಲ್ಲಿ ಎಡಗಾಲಿಯು ಹೊಂಡಕ್ಕೆ ಬಿದ್ದಿತು. ಮರುಕ್ಷಣವೇ ಮುಂದಿನ ಎರಡು ಗಾಲಿಗಳೂ ಎಡಕ್ಕೂ ಬಲಕ್ಕೂ ಹುಚ್ಚೆದ್ದಂತೆ ನಡುಗತೊಡಗಿದುವು. ಸ್ಟೀರಿಂಗು ಚಕ್ರವು ನಮ್ಮ ಕೈಗಳನ್ನು ಕೊಡವಿತು. ಬಂಡಿಯು ರಸ್ತೆಯ ಬಲಬದಿಗೆ ಸರಿಯಿತು. ಎದುರಿನಿಂದ ಬರುತ್ತಿದ್ದ ಲಾರಿಯ ಚಾಲಕನು ಸಮಯಪ್ರಜ್ಞೆಯಿಂದ ತನ್ನ ವಾಹನವನ್ನು ಗುಡ್ಡದ ಕಡೆಗೆ ಒತ್ತರಿಸಿಕೊಂಡುದರಿಂದ ನಾವು ಉಳಿದೆವು. ಬಂಡಿಯು ರಸ್ತೆಯಂಚಿನ ಕಟ್ಟೆಗೆ ಒಂದು ಮಾರು ದೂರದಲ್ಲಿ ನಿಂತಿತು. ಅಕ್ಕ ಒಂದು ಮಾತನ್ನೂ ಆಡಲಿಲ್ಲ. ಮಡಿಲಲ್ಲಿದ್ದ ಧಾರೆಸೀರೆಯ ಗಂಟನ್ನು ಎರಡೂ ಕೈಗಳಿಂದ ಅವುಚಿಕೊಂಡು ಕುಳಿತಿದ್ದರು.

ಖೇಡ್‌ನಿಂದ ಕೊಂಕಣ ರೈಲು ಹಿಡಿದು ಮದುವೆಗೆ ಸೇರಿದೆವು. ಬಂಡಿಯನ್ನು ಬೇರೊಂದು ವಾಹನದ ಮೇಲೇರಿಸಿ ಮುಂಬಯಿಗೆ ತರಿಸಲು ತೆತ್ತ ಹಣವು, ಆಮೇಲೆ ಕೊಂಡ ಎಲ್ಲ ಬಿಡಿಭಾಗಗಳ ಬೆಲೆಗಿಂತ ಹೆಚ್ಚಾಯಿತು.

ಸವೆಯುವುದು ಎಲ್ಲಿ?

ಹಳೆಯ ಟ್ಯಾಕ್ಸಿಗಳ ಮೇಲೆ ಕೈ ಪಳಗಿಸಿಕೊಂಡ ಮಿಸ್ತ್ರಿಯೊಬ್ಬರ ಬಳಿಗೆ ಸ್ನೇಹಿತರು ನಮ್ಮನ್ನು ಕರೆದೊಯ್ದರು. ಅವರು ನಮ್ಮ ಕಡೆಯವರೇ. ಬಾಲ್ಯದಲ್ಲಿ ಕುಂದಾಪುರದ ಕಡೆಯಿಂದ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಬಳಿಕ ಗ್ಯಾರೇಜು ಸೇರಿದವರು. ಬಂಡಿಯನ್ನು ನೋಡಿದವರೇ, "ಇದು ಒಂದು ದಿನದಲ್ಲಿ ಆದ ಕೇಡಲ್ಲ ಮಾರಾಯ್ರೆ, ನಿಮ್ಮ ಕೈಗೆ ಅಭ್ಯಾಸವಾಗಿ ಹೋಗಿದೆ ಅಷ್ಟೆ" ಎಂದರು. ಈ ಮಾತಿನಲ್ಲಿ ಇಡೀ ವಿಷಯದ ಸಾರವೇ ಅಡಗಿದೆ. ಕೀಲು ದಿನಕ್ಕೆ ಕೂದಲೆಳೆಯಷ್ಟು ಸವೆಯುತ್ತದೆ. ಚಾಲಕನ ಕೈಯೂ ಅದರೊಡನೆ ಅಷ್ಟಷ್ಟೇ ಹೊಂದಿಕೊಳ್ಳುತ್ತದೆ. ಆದುದರಿಂದ ಅಪಾಯವನ್ನು ಕೊನೆಯಲ್ಲಿ ಅರಿಯುವವನು ಪ್ರತಿದಿನವೂ ಬಂಡಿ ನಡೆಯಿಸುವವನೇ.

ಪದ್ಮಿನಿಯ ಮೂಲವು ಇಟಲಿಯ ಫಿಯೆಟ್ 1100. ಇಲ್ಲಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಿಂದ ತಯಾರಾದ ಮಾದರಿಗೆ ಮುಂದೆ ಪದ್ಮಿನಿ ಎಂಬ ಹೆಸರು ಬಂದಿತು. ಇದರ ಹಿಂದಿನ ಗಾಲಿಗಳು ಪಟ್ಟೆ ಸ್ಪ್ರಿಂಗುಗಳ ಮೇಲೆ ನಿಂತಿದ್ದರೆ, ಮುಂದಿನ ಎರಡು ಗಾಲಿಗಳಿಗೆ ಪ್ರತ್ಯೇಕ ವ್ಯವಸ್ಥೆಯುಂಟು. ಪ್ರತಿ ಗಾಲಿಗೂ ಮೇಲೊಂದು ಕೆಳಗೊಂದು ಕವಲುಳ್ಳ ಉಕ್ಕಿನ ತೋಳು. ಭಾರ ಹೊರಲು ಸುರುಳಿ ಸ್ಪ್ರಿಂಗು. ಸ್ಪ್ರಿಂಗಿನ ಕುಣಿತವನ್ನು ತಡೆಯಲು ಶಾಕ್ ಅಬ್ಸಾರ್ಬರು. ಗಾಲಿಯು ಎಡಬಲಕ್ಕೆ ತಿರುಗುವುದು ಕಿಂಗ್‌ಪಿನ್ ಎಂಬ ಗಟ್ಟಿ ಉಕ್ಕಿನ ಗೂಟದ ಸುತ್ತ. ಗೂಟದ ಮೇಲ್ತುದಿಗೂ ಕೆಳತುದಿಗೂ ಬುಷ್ ಎಂಬ ಬಳೆಗಳಿವೆ. ಎರಡು ಗಾಲಿಗಳನ್ನೂ ಸ್ಟೀರಿಂಗಿಗೆ ಜೋಡಿಸುವ ಸರಳುಗಳ ತುದಿಯಲ್ಲಿ ಗುಂಡುಕೀಲುಗಳಿವೆ.

ಹೋಟೆಲಿನ ಅಡಿಗೆಮನೆಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟು ರುಬ್ಬುವ ಯಂತ್ರದ ಬೇರಿಂಗು ಸಡಿಲಾದರೆ ಕಲ್ಲು ಓಲಾಡುತ್ತದೆ. ಕಿಂಗ್‌ಪಿನ್ನಿನ ಬುಷ್ ಸವೆದರೆ ಗಾಲಿಯೂ ಹಾಗೆಯೇ. ಗ್ರೀಸು ಬತ್ತಿ, ಮಳೆಗಾಲದ ನೀರೂ ಬೇಸಗೆಯ ಧೂಳೂ ಒಳಸೇರಿದುವೆಂದರೆ ಲೋಹವು ಲೋಹವನ್ನು ತಿನ್ನತೊಡಗುತ್ತದೆ. ಬುಷ್‌ನಲ್ಲಿ ಕಣ್ಣಿಗೆ ಕಾಣಿಸದ ಸಡಿಲು ಟೈರಿನ ಅಂಚಿಗೆ ಬರುವಷ್ಟರಲ್ಲಿ ಹಲವು ಪಟ್ಟು ಬೆಳೆಯುತ್ತದೆ. ಅಂಥ ಗಾಲಿಗೆ ಒಂದು ಹೊಂಡದ ಪೆಟ್ಟು ಬಿದ್ದರೆ ಸಾಕು, ನಡುಕ ಆರಂಭವಾಗಿ ತಾನಾಗಿ ನಿಲ್ಲುವುದಿಲ್ಲ. ಕಶೇಡಿಯಲ್ಲಿ ನಡೆದುದು ಅದೇ.

ಪರೀಕ್ಷಿಸುವ ಬಗೆ

ಮಿಸ್ತ್ರಿಯವರು ತೋರಿಸಿಕೊಟ್ಟ ಪರೀಕ್ಷೆಗಳನ್ನು ಯಾರು ಬೇಕಾದರೂ ಮಾಡಬಹುದು. ಸಮನೆಲದಲ್ಲಿ ಹಿಂದಿನ ಗಾಲಿಗಳಿಗೆ ಕಲ್ಲು ಅಡ್ಡವಿಟ್ಟು, ಮುಂದಿನ ಒಂದು ಗಾಲಿಯನ್ನು ಜಾಕಿನಿಂದ ಮೇಲೆತ್ತಿ, ಬಂಡಿಯ ಅಡಿಗೆ ಕಬ್ಬಿಣದ ಸ್ಟ್ಯಾಂಡನ್ನು ಕೊಡಬೇಕು. ಬಳಿಕ ಟೈರಿನ ಮೇಲ್ತುದಿ ಕೆಳತುದಿಗಳನ್ನು ಹಿಡಿದು ಅಲುಗಿಸಬೇಕು. ಗಾಲಿ ಕದಲಿದರೆ ಇನ್ನೊಬ್ಬರಿಂದ ಬ್ರೇಕನ್ನು ಮೆಟ್ಟಿಸಿ ಮತ್ತೆ ಅಲುಗಿಸಬೇಕು. ಸಡಿಲು ಮಾಯವಾದರೆ ದೋಷವು ಗಾಲಿಯ ಬೇರಿಂಗಿನದು. ಮಾಯವಾಗದಿದ್ದರೆ ಕಿಂಗ್‌ಪಿನ್ನಿನದು ಅಥವಾ ತೋಳಿನ ಕೀಲುಗಳದು. ಟೈರಿನ ಎಡಬಲ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಸಡಿಲು ಕಂಡರೆ ಸ್ಟೀರಿಂಗಿನ ಗುಂಡುಕೀಲುಗಳನ್ನು ನೋಡತಕ್ಕದ್ದು. ಬಂಡಿಯನ್ನು ಕೆಳಗಿಳಿಸಿದ ಮೇಲೆ ಮುಂದಿನ ಮೂಲೆಯನ್ನು ಬಲವಾಗಿ ಅದುಮಿ ಬಿಡಬೇಕು. ಅದು ಒಮ್ಮೆ ಏರಿ ನೆಲೆಗೆ ನಿಲ್ಲದೆ ಮತ್ತೆ ಮತ್ತೆ ತೂಗಿದರೆ ಶಾಕ್ ಅಬ್ಸಾರ್ಬರಿನ ಆಯುಸ್ಸು ಮುಗಿದಂತೆ. ನಮ್ಮ ಬಂಡಿಯಲ್ಲಿ ಗಾಲಿಯನ್ನು ಅಲುಗಿಸಿದಾಗ ಬ್ರೇಕು ಮೆಟ್ಟಿದರೂ 'ಟಕ್ ಟಕ್' ಎಂದು ಕೇಳಿಸಿತು. ಎರಡೂ ಕಡೆಯ ಕಿಂಗ್‌ಪಿನ್ನುಗಳು ಕೆಟ್ಟಿದ್ದುವು. ಒಂದು ಗುಂಡುಕೀಲಿನ ರಬ್ಬರು ಟೊಪ್ಪಿಗೆ ಹರಿದು ಒಳಗೆಲ್ಲ ಮಣ್ಣು ತುಂಬಿತ್ತು.

ಎರಡು ದಿನಗಳ ಕೆಲಸ

ಬಿಡಿಭಾಗಗಳಿಗಾಗಿ ಕುರ್ಲಾದ ಸಿ.ಎಸ್.ಟಿ. ರಸ್ತೆಯ ಅಂಗಡಿಗಳನ್ನು ಸುತ್ತಿದೆವು. ಎರಡೂ ಕಡೆಗೆ ಸಾಲುವಷ್ಟು ಕಿಂಗ್‌ಪಿನ್ನು, ಬುಷ್, ತೋಳುಗಳ ರಬ್ಬರು ಬುಷ್, ಗುಂಡುಕೀಲು, ಬಲಗಡೆಯ ಶಾಕ್ ಅಬ್ಸಾರ್ಬರು ಇವಿಷ್ಟನ್ನು ತಂದೆವು. ಒಂದು ಕಡೆ ಹೊಸತು, ಇನ್ನೊಂದು ಕಡೆ ಹಳತು ಇದ್ದರೆ ಬಂಡಿಯು ಕುಂಟುವವನಂತೆ ನಡೆಯುತ್ತದೆಂಬುದು ಮಿಸ್ತ್ರಿಯವರ ಮಾತು.

ಈ ಕೆಲಸದಲ್ಲಿ ನಿಜವಾಗಿ ಅಂಜಬೇಕಾದುದು ಸುರುಳಿ ಸ್ಪ್ರಿಂಗಿಗೆ. ಬಂಡಿಯ ಭಾರದಡಿ ಅದುಮಿಕೊಂಡಿರುವ ಆ ಸ್ಪ್ರಿಂಗು, ತೋಳನ್ನು ಒಮ್ಮೆಲೇ ಬಿಚ್ಚಿದರೆ ಗುಂಡಿನಂತೆ ಸಿಡಿದು ಪ್ರಾಣವನ್ನೇ ತೆಗೆದೀತು. ಮಿಸ್ತ್ರಿಯವರು ಕೆಳತೋಳಿನ ಅಡಿಗೆ ಜಾಕು ಕೊಟ್ಟು, ಸ್ಪ್ರಿಂಗನ್ನು ಬಿಗಿಹಿಡಿಯುವ ಉಪಕರಣವನ್ನು ಸಿಕ್ಕಿಸಿ, ಎಳೆ ಎಳೆಯಾಗಿ ಸಡಿಲಿಸಿದರು. ಅಷ್ಟು ಹೊತ್ತೂ ಸಹಾಯಕ ಹುಡುಗನನ್ನು ದೂರ ನಿಲ್ಲಿಸಿದ್ದರು. ಮನೆಯಂಗಳದಲ್ಲಿ ಸ್ವಂತವಾಗಿ ಮಾಡಲು ಹೊರಡುವ ಉತ್ಸಾಹಿಗಳು ಇದನ್ನು ಮರೆಯಬಾರದು. ಕೇವಲ ಜಾಕನ್ನು ನಂಬಿ ಬಂಡಿಯ ಕೆಳಗೆ ನುಸುಳಲೂಬಾರದು.

ಹಳೆಯ ಕಿಂಗ್‌ಪಿನ್ನು ಕಚ್ಚಿಕೊಂಡು ಕುಳಿತಿತ್ತು. ಮೊದಲು ಅದನ್ನು ತಡೆದಿದ್ದ ಕೀಲುಮೊಳೆಯನ್ನು ಹೊರಡಿಸಿ, ರಾತ್ರಿಯಿಡೀ ಡೀಸೆಲಿನಲ್ಲಿ ನೆನೆಯಿಸಿ, ಮರುದಿನ ಒತ್ತುಯಂತ್ರದಲ್ಲಿಟ್ಟು ಕಳಚಿದರು. ಹೊಸ ಬುಷ್‌ಗಳನ್ನು ಕೂಡಿಸಿದ ಬಳಿಕ ರೀಮರ್ ಎಂಬ ಉಪಕರಣದಿಂದ ಅವುಗಳ ಒಳಮೈಯನ್ನು ಕೈಯಿಂದಲೇ ಹೆರೆದು, ಪಿನ್ನು ಅಲುಗದಂತೆಯೂ ಆದರೆ ಸರಾಗವಾಗಿ ತಿರುಗುವಂತೆಯೂ ಹೊಂದಿಸಿದರು. ಈ ಹದವು ಬರಿಯ ಬೆರಳಿಗೆ ಗೊತ್ತಾಗುವಂಥದು. ಹೆಚ್ಚು ಹೆರೆದರೆ ಹೊಸ ಬುಷ್ ಹಳೆಯದರಂತೆಯೇ ಸಡಿಲಾಗುತ್ತದೆ. ಕಡಿಮೆಯಾದರೆ ಸ್ಟೀರಿಂಗು ಬಿಗಿಯಾಗಿ, ತಿರುವು ಮುಗಿದ ಮೇಲೂ ನೇರಕ್ಕೆ ಮರಳುವುದಿಲ್ಲ.

ಇನ್ನೆರಡು ಸೂಕ್ಷ್ಮಗಳನ್ನೂ ಅಲ್ಲಿ ಕಲಿತೆವು. ಹಳೆಯ ಗುಂಡುಕೀಲನ್ನು ತಿರುಪಿ ಬಿಚ್ಚುವಾಗ ಎಷ್ಟು ಸುತ್ತಾಯಿತೆಂದು ಎಣಿಸಿಕೊಂಡು ಹೊಸದನ್ನು ಅಷ್ಟೇ ಸುತ್ತು ಕೂಡಿಸಿದರೆ, ಗಾಲಿಗಳ ನೇರವು ಬಹಳ ಕೆಡುವುದಿಲ್ಲ. ತೋಳುಗಳ ರಬ್ಬರು ಬುಷ್‌ಗಳ ಬೋಲ್ಟನ್ನು ಬಂಡಿಯು ಮೇಲಿರುವಾಗ ಬಿಗಿಯಬಾರದು. ಗಾಲಿಗಳು ನೆಲ ಮುಟ್ಟಿ ಭಾರ ಹೊತ್ತ ಮೇಲೆಯೇ ಕೊನೆಯ ಬಿಗಿ. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ. ಕೊನೆಗೆ ಗ್ರೀಸು ತುಂಬಿ, ಗಾಲಿಗಳ ನೇರವನ್ನು ಯಂತ್ರದಲ್ಲಿ ಅಳೆಯಿಸಿ ಸರಿಪಡಿಸಿದುದಾಯಿತು. ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೆ ಕರೆದು, ಎಲ್ಲ ನಟ್ಟುಗಳ ಬಿಗಿಯನ್ನು ಮಿಸ್ತ್ರಿಯವರೇ ಪರೀಕ್ಷಿಸಿದರು. ಅದಕ್ಕೆ ಹಣ ಕೇಳಲಿಲ್ಲ.

ಗ್ಯಾರೇಜಿನಿಂದ ಹೊರಬಂದ ಬಂಡಿಯು ಎಳೆಯದೆ ಸಪ್ಪಳವಿಲ್ಲದೆ ಓಡಿದಾಗ, ಇಷ್ಟು ದಿನ ಎಂಥ ಬಂಡಿಯನ್ನು ನಡೆಯಿಸುತ್ತಿದ್ದೆವೆಂಬುದು ಮೊದಲ ಬಾರಿಗೆ ತಿಳಿದು ಮೈ ಜುಮ್ಮೆಂದಿತು.

ಟ್ಯಾಕ್ಸಿಗಳು ಹೋದುವು. ಅವುಗಳನ್ನೇ ನಂಬಿದ್ದ ಮಿಸ್ತ್ರಿಗಳಲ್ಲಿ ಹಲವರು ಬೇರೆ ಕಸುಬು ಹಿಡಿದರು, ಕೆಲವರು ಊರಿಗೆ ಮರಳಿದರು. ಕೈಯಿಂದ ಬುಷ್ ಹೆರೆಯಬಲ್ಲವರು ಇನ್ನೆಷ್ಟು ಕಾಲ ಸಿಕ್ಕಾರು? ಹಳೆಯ ಬಂಡಿಯುಳ್ಳವರು ಈಗಲೇ ಮುಂಗಾಲುಗಳನ್ನು ತೋರಿಸಿಕೊಳ್ಳುವುದು ಜಾಣತನ. ಮಳೆಗಾಲದ ಮುನ್ನವೂ ಆ ಬಳಿಕವೂ ಗ್ರೀಸು ಹಾಕಿಸಿರಿ. ಊರಿಗೆ ಹೊರಡುವ ಎರಡು ವಾರ ಮೊದಲೇ ಗಾಲಿಯನ್ನು ಅಲುಗಿಸಿ ನೋಡಿರಿ. ಪ್ರತಿದಿನವೂ ನಡೆಯಿಸುವವರ ಮಾತನ್ನಷ್ಟೇ ನಂಬದೆ ಬೇರೊಬ್ಬರಿಂದಲೂ ಒಮ್ಮೆ ನಡೆಯಿಸಿ ಕೇಳಿರಿ.

ಮರುವರ್ಷ ಅದೇ ದಾರಿಯಲ್ಲಿ ಊರಿಗೆ ಹೊರಟೆವು. ಅಕ್ಕ ಬಂಡಿಯ ಬಾಗಿಲ ಬಳಿ ನಿಂತು, ಕೂರುವ ಮುಂಚೆ ಒಂದೇ ಮಾತು ಕೇಳಿದರು: "ಕೀಲು ಬಿಚ್ಚಿ ನೋಡಿಸಿದ್ದೀಯಷ್ಟೆ?" ಹೌದೆಂದೆವು. ಆಮೇಲೆಯೇ ಅವರು ಒಳಗೆ ಕಾಲಿಟ್ಟುದು.