ಕಾರಿನ ಎಬಿಎಸ್ ದೀಪ ಆರ್ತಿಲ್ವಾ? ಸೋಲ್ಡರಿಂಗ್ ಕಡ್ಡಿ ಹಿಡಿಯೋ ಮುಂಚೆ ಇದನ್ನ ಓದಿ

ಜೀವಾಮೃತ, ಅಡಿಕೆ ಸುಳಿ ರೋಗ, ಹನಿ ನೀರಾವರಿ ಅಂತ ಬರೆಯೋ ಜಾಗದಲ್ಲಿ ಕಾರಿನ ಬ್ರೇಕ್ ಯಾಕೆ ಬಂತು ಅಂತ ಕೇಳಬಹುದು. ನಮ್ಮ ನಲ್ಲೂರು, ಚನ್ನಗಿರಿ ಕಡೆ ತೋಟ ಇರೋ ಮನೆಗಳಲ್ಲಿ ಈಗ ಸೆಕೆಂಡ್ ಹ್ಯಾಂಡ್ ಕಾರು ಅನ್ನೋದು ಗುದ್ದಲಿ, ಮಚ್ಚಿನಷ್ಟೇ ಸಾಮಾನ್ಯ. ಬೆಳಿಗ್ಗೆ ಮಕ್ಕಳನ್ನ ಶಾಲೆಗೆ ಬಿಡೋದು ಅದೇ, ಮಧ್ಯಾಹ್ನ ಹಿಂದಿನ ಸೀಟು ಮಡಚಿ ತರಕಾರಿ ಕ್ರೇಟು ಹಾಕೋದೂ ಅದೇ. ಇಂಥ ಹತ್ತು ಹನ್ನೆರಡು ವರ್ಷದ ಕಾರುಗಳಲ್ಲಿ ಒಂದು ದಿನ ಮೀಟರ್ ಬೋರ್ಡಿನಲ್ಲಿ ಹಳದಿ ಎಬಿಎಸ್ ದೀಪ ಹತ್ತಿಕೊಳ್ಳುತ್ತೆ. ಶೋರೂಮಿನವರು ಮಾಡ್ಯೂಲ್ ಬದಲಾಯಿಸಿ ಅಂತ ಹತ್ತಾರು ಸಾವಿರದ ಲೆಕ್ಕ ಕೊಡ್ತಾರೆ. ಯೂಟ್ಯೂಬಿನಲ್ಲಿ ಇನ್ನೊಬ್ಬ ಅದನ್ನೇ ಬಿಚ್ಚಿ, ಸೋಲ್ಡರ್ ಹಾಕಿ, ಹತ್ತು ನಿಮಿಷದಲ್ಲಿ ಸರಿ ಮಾಡಿ ತೋರಿಸ್ತಾನೆ. ಯಾರನ್ನ ನಂಬೋದು?

ಇಬ್ಬರ ಮಾತಿನಲ್ಲೂ ಸತ್ಯ ಇದೆ. ಬೆಸುಗೆ ಬಿರುಕು ಬಿಟ್ಟ ಮಾಡ್ಯೂಲ್ ನಿಜವಾಗಿಯೂ ಮನೆಯಲ್ಲೇ ಸರಿಯಾಗುತ್ತೆ. ಆದರೆ ಎಬಿಎಸ್ ದೀಪ ಹತ್ತಿದ ಕಾರಲ್ಲೆಲ್ಲ ಮಾಡ್ಯೂಲೇ ಕೆಟ್ಟಿರಲ್ಲ, ಕೆಟ್ಟ ಮಾಡ್ಯೂಲೆಲ್ಲ ಸೋಲ್ಡರಿನಿಂದ ಸರಿಯಾಗಲ್ಲ. ಈ ಎರಡು ವ್ಯತ್ಯಾಸ ಗೊತ್ತಿದ್ದರೆ ದುಡ್ಡೂ ಉಳಿಯುತ್ತೆ, ಜೀವವೂ ಉಳಿಯುತ್ತೆ.

ಎಬಿಎಸ್ ಇಲ್ಲದಿದ್ದರೆ ಏನಾಗುತ್ತೆ

ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು, ಗಾಡಿ ಮಾತ್ರ ಜಾರುತ್ತಾ ಹೋಗುತ್ತೆ. ಆಗ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಗಾಡಿ ತಿರುಗಲ್ಲ. ಇದನ್ನ ತಡೆಯೋದೇ ಎಬಿಎಸ್ ಕೆಲಸ. ನಾಲ್ಕೂ ಚಕ್ರದ ಹತ್ತಿರ ಒಂದೊಂದು ಸೆನ್ಸರ್ ಇರುತ್ತೆ. ಯಾವ ಚಕ್ರ ನಿಲ್ಲೋ ಹಂತಕ್ಕೆ ಬಂತೋ ಅದರ ಬ್ರೇಕ್ ಒತ್ತಡವನ್ನ ಮಾಡ್ಯೂಲ್ ಸೆಕೆಂಡಿಗೆ ಹಲವು ಸಲ ಬಿಟ್ಟು ಬಿಟ್ಟು ಹಿಡಿಯುತ್ತೆ. ಪೆಡಲ್ ಕಾಲಿಗೆ ದಡದಡ ಅನ್ನೋದು ಅದಕ್ಕೇ.

1978ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಕಾರಿನಲ್ಲಿ ಬಂತು. ನಮ್ಮ ದೇಶದಲ್ಲಿ ಏಪ್ರಿಲ್ 2019ರಿಂದ ಹೊಸದಾಗಿ ಮಾರುವ ಎಲ್ಲಾ ಕಾರುಗಳಿಗೂ, 125 ಸಿಸಿ ಮೀರಿದ ಬೈಕುಗಳಿಗೂ ಕಡ್ಡಾಯವಾಯ್ತು. ಅದಕ್ಕೂ ಮುಂಚಿನ ಕಾರುಗಳಲ್ಲಿ ಹೆಚ್ಚಾಗಿ ದುಬಾರಿ ಮಾಡೆಲ್‌ಗಳಲ್ಲಿ ಮಾತ್ರ ಇರ್ತಿತ್ತು. ಈಗ ಹಳ್ಳಿಗೆ ಸೆಕೆಂಡ್ ಹ್ಯಾಂಡಾಗಿ ಬರ್ತಿರೋದು ಅವೇ.

ಹಳದಿ ದೀಪ ಮಾತ್ರ ಹತ್ತಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತೆ, ಎಬಿಎಸ್ ಮಾತ್ರ ಇರಲ್ಲ. "ಹಂಗಾದ್ರೆ ಏನ್ ಮಹಾ, ನಮ್ಮಪ್ಪನ ಕಾಲದಾಗೆ ಎಬಿಎಸ್ ಇತ್ತಾ" ಅಂತ ಹೇಳೋರಿದ್ದಾರೆ. ನಮ್ಮ ಜಿಲ್ಲೆಯ ರಸ್ತೆ ನೆನಪು ಮಾಡಿಕೊಳ್ಳಿ. ಕೊಯ್ಲಿನ ಕಾಲದಲ್ಲಿ ಅರ್ಧ ರಸ್ತೆ ತುಂಬ ಮೆಕ್ಕೆಜೋಳ ಒಣಹಾಕಿರ್ತಾರೆ, ಗದ್ದೆಯಿಂದ ಬಂದ ಟ್ರ್ಯಾಕ್ಟರು ಕೆಸರು ಬಿಟ್ಟು ಹೋಗಿರುತ್ತೆ. ಜೋಳದ ಕಾಳಿನ ಮೇಲೆ ಚಕ್ರ ಲಾಕ್ ಆದರೆ ಗಾಡಿ ಗೋಲಿ ಮೇಲೆ ನಿಂತ ಹಾಗೆ. ಜೋಳದ ಪಕ್ಕದಲ್ಲಿ ಅದನ್ನ ಕೈಯಾಡಿಸ್ತಾ ಯಾರದೋ ಮನೆ ಅಜ್ಜಿ, ಮಕ್ಕಳು ಇರ್ತಾರೆ. ಇಂಥ ಸಡಿಲ ನೆಲದಲ್ಲಿ ಎಬಿಎಸ್ ಇದ್ದರೂ ಗಾಡಿ ಸ್ವಲ್ಪ ಮುಂದೆ ಹೋಗಿಯೇ ನಿಲ್ಲಬಹುದು. ಆದರೆ ಸ್ಟೀರಿಂಗ್ ನಿಮ್ಮ ಮಾತು ಕೇಳುತ್ತೆ, ಪಕ್ಕಕ್ಕೆ ತಪ್ಪಿಸಬಹುದು.

ಹಳದಿ ದೀಪದ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದ್ದರೆ ಗಾಡಿ ತೆಗೀಬೇಡಿ. ಬ್ರೇಕ್ ಆಯಿಲ್ ಇಳಿದಿರಬಹುದು, ಇಲ್ಲವೇ ಮುಂದಿನ-ಹಿಂದಿನ ಚಕ್ರದ ಬ್ರೇಕ್ ಹಂಚಿಕೆಯೂ ನಿಂತಿರಬಹುದು. ಹಂಚಿಕೆ ನಿಂತರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಸುತ್ತಿಬಿಡುತ್ತೆ.

ಬೆಸುಗೆ ಯಾಕೆ ಬಿರುಕು ಬಿಡುತ್ತೆ

ಮಾಡ್ಯೂಲ್ ಇರೋದು ಸಾಮಾನ್ಯವಾಗಿ ಇಂಜಿನ್ ಪಕ್ಕದಲ್ಲೇ. ಗಾಡಿ ಓಡಿದಾಗ ಕಾಯುತ್ತೆ, ನಿಂತಾಗ ತಣ್ಣಗಾಗುತ್ತೆ. ಪಿನ್ನು, ಬೋರ್ಡು, ಸೋಲ್ಡರು ಮೂರೂ ಒಂದೇ ಅಳತೆಯಲ್ಲಿ ಹಿಗ್ಗಿ ಕುಗ್ಗಲ್ಲ. ವರ್ಷಗಟ್ಟಲೆ ಹೀಗೇ ಆಗಿ, ಜೊತೆಗೆ ನಮ್ಮ ತೋಟದ ದಾರಿಯ ಕುಲುಕಾಟವೂ ಸೇರಿ, ಪಿನ್ನಿನ ಸುತ್ತ ಕೂದಲೆಳೆಯಂಥ ಬಿರುಕು ಉಂಗುರದ ಆಕಾರದಲ್ಲಿ ಬೀಳುತ್ತೆ. ಹೆಚ್ಚು ಕರೆಂಟ್ ಎಳೆಯೋ ಪಂಪ್ ಮೋಟರಿನ ಪಿನ್ನು, ದೊಡ್ಡ ಕನೆಕ್ಟರಿನ ಪಿನ್ನುಗಳಲ್ಲಿ ಇದು ಜಾಸ್ತಿ. ಹೊರದೇಶದಲ್ಲಿ 1990ರ ದಶಕದ ವೋಲ್ವೊ 850 ಕಾರಿನ ಎಬಿಎಸ್ ಮಾಡ್ಯೂಲಿಗೆ ಇದೇ ಕಾಯಿಲೆ. ಅದರ ಮುಚ್ಚಳ ಕೊಯ್ದು, ಮರು ಬೆಸುಗೆ ಹಾಕಿ ಓಡಿಸಿದವರು ಸಾಕಷ್ಟು ಜನ ಇದ್ದಾರೆ.

ಇದರ ಗುರುತು ಏನಂದ್ರೆ ಕಾಯಿಲೆ ಬಂದು ಹೋಗಿ ಮಾಡುತ್ತೆ. ಬೆಳಿಗ್ಗೆ ದೀಪ ಆರಿರುತ್ತೆ, ಇಂಜಿನ್ ಬಿಸಿಯಾದ ಮೇಲೆ ಹತ್ತುತ್ತೆ. ಇಲ್ಲವೇ ಗುಂಡಿ ಹಾರಿದಾಗ ಹತ್ತಿ, ಮತ್ತೊಂದು ಸಲ ಕೀ ಹಾಕಿದಾಗ ಮಾಯ. ದಿನಾ ಒಂದೇ ಥರ ಹತ್ತಿಕೊಂಡೇ ಇದ್ದರೆ ಬೇರೆ ಕಾರಣ ಇರೋ ಸಾಧ್ಯತೆ ಹೆಚ್ಚು.

ಮೊದಲು ಬಿಚ್ಚಬೇಡಿ, ಮೊದಲು ನೋಡಿ

1. ಬ್ಯಾಟರಿ. ಮಲ್ಟಿಮೀಟರ್ ಇಟ್ಟು ನೋಡಿ. ಇಂಜಿನ್ ನಿಂತಾಗ 12.4 ವೋಲ್ಟಿಗಿಂತ ಬಹಳ ಕಡಿಮೆ ಇದ್ದರೆ ಮೊದಲು ಅದನ್ನ ಸರಿ ಮಾಡಿ. ವೋಲ್ಟೇಜ್ ಬಿದ್ದರೂ ಎಬಿಎಸ್ ದೀಪ ಹತ್ತುತ್ತೆ.

2. ಫ್ಯೂಸ್. ಎಬಿಎಸ್ಸಿಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಫ್ಯೂಸ್ ಇರುತ್ತೆ, ಪಂಪ್ ಮೋಟರಿನದು ದೊಡ್ಡದು. ಎಲ್ಲವನ್ನೂ ನೋಡಿ. ಬೋಲ್ಟ್ ಹಾಕಿದ ಅರ್ಥಿಂಗ್ ವೈರು ತುಕ್ಕು ಹಿಡಿದಿದೆಯಾ ಅಂತಲೂ ನೋಡಿ.

3. ಚಕ್ರದ ಸೆನ್ಸರ್. ಎಬಿಎಸ್ ದೂರುಗಳಲ್ಲಿ ಅತಿ ಸಾಮಾನ್ಯ ಇದೇ. ಗದ್ದೆ ಬದುವಿನ ಕೆಸರು, ಬ್ರೇಕಿನ ಕಬ್ಬಿಣದ ಪುಡಿ ಸೆನ್ಸರಿಗೆ ಮೆತ್ತಿಕೊಂಡಿರುತ್ತೆ. ಅಡಿಕೆ ಗೋದಾಮಿನ ಪಕ್ಕ ಕಾರು ನಿಲ್ಲಿಸೋರು ಇಲಿ ಕಡಿದ ವೈರನ್ನೂ ಹುಡುಕಿ.

4. ಸ್ಕ್ಯಾನರ್. ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತೆ. ಅದಕ್ಕೆ ಬ್ಲೂಟೂತ್ ರೀಡರ್ ಸಿಕ್ಕಿಸಿ ಮೊಬೈಲಲ್ಲಿ ಓದಬಹುದು. ಆದರೆ ಅಗ್ಗದ ಇಎಲ್‌ಎಂ 327 ರೀಡರುಗಳು ಹೆಚ್ಚಾಗಿ ಇಂಜಿನ್ ದೋಷ ಮಾತ್ರ ಓದ್ತವೆ. ತಗೊಳ್ಳೋ ಮುಂಚೆ ನಿಮ್ಮ ಕಾರಿನ ಎಬಿಎಸ್ ಓದುತ್ತಾ ಅಂತ ಕೇಳಿ, ಇಲ್ಲವೇ ಗ್ಯಾರೇಜಿನಲ್ಲಿ ಓದಿಸಿ.

ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆರೆದು ನಾಲ್ಕೂ ಚಕ್ರದ ವೇಗ ನೋಡಿ. ಪಕ್ಕದಲ್ಲಿ ಕೂತವರು ನೋಡಲಿ, ನೀವು ರಸ್ತೆ ನೋಡಿ. ಮೂರು ಚಕ್ರ 20 ಕಿ.ಮೀ. ಅಂತಿದ್ದು ಒಂದು ಮಾತ್ರ ಸೊನ್ನೆ ಅಂದ್ರೆ ಮೊದಲು ಆ ಚಕ್ರದ ಸೆನ್ಸರು, ವೈರು ನೋಡಬೇಕು. ಮಾಡ್ಯೂಲ್ ಮುಟ್ಟೋದು ಬೇಡ. ಪಂಪ್ ಮೋಟರ್ ಸರ್ಕ್ಯೂಟ್ ದೋಷ ಅಂತ ಬಂದರೆ, ಅಥವಾ ಯು0121 ಅಂದರೆ ಎಬಿಎಸ್ ಜೊತೆ ಸಂಪರ್ಕವೇ ತಪ್ಪಿದೆ ಅಂತ ಬಂದರೆ, ಅದೂ ಬಿಸಿಯಾದಾಗ ಮಾತ್ರ ಬಂದರೆ, ಆಗ ಮಾಡ್ಯೂಲಿನ ಮೇಲೆ ಅನುಮಾನ ಪಡಬಹುದು. ಆಗಲೂ ಅದರ ಕನೆಕ್ಟರ್ ತೆಗೆದು ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆಯಾ ನೋಡಿದ ಮೇಲೆಯೇ ಮುಂದಿನ ಮಾತು.

ಬಿಚ್ಚೋದು, ಬೆಸುಗೆ ಹಾಕೋದು

ವಾರಂಟಿ ಇರೋ ಕಾರಾದರೆ ಮುಟ್ಟಬೇಡಿ. ಇಲ್ಲದಿದ್ದರೆ, ಬ್ರೇಕ್ ಕೆಲಸ ಗೊತ್ತಿರೋ ಮೆಕ್ಯಾನಿಕ್ ಒಬ್ಬರನ್ನ ಜೊತೆಗೆ ಇಟ್ಟುಕೊಂಡೇ ಶುರು ಮಾಡಿ.

ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಸ್ವಲ್ಪ ಹೊತ್ತು ಬಿಡಿ. ಎಬಿಎಸ್ ಯೂನಿಟ್ಟಿನಲ್ಲಿ ಎರಡು ಭಾಗ ಇರುತ್ತೆ. ಒಂದು ಬ್ರೇಕ್ ಪೈಪುಗಳು ಬಂದು ಸೇರೋ ಅಲ್ಯೂಮಿನಿಯಂ ಗಟ್ಟಿ, ಇನ್ನೊಂದು ಅದಕ್ಕೆ ಅಂಟಿಕೊಂಡ ಪ್ಲಾಸ್ಟಿಕ್ ಪೆಟ್ಟಿಗೆ. ನಮಗೆ ಬೇಕಾಗಿರೋದು ಪ್ಲಾಸ್ಟಿಕ್ ಪೆಟ್ಟಿಗೆ ಮಾತ್ರ. ಹಲವು ಕಾರುಗಳಲ್ಲಿ ನಕ್ಷತ್ರ ತಲೆಯ ಸಣ್ಣ ಸ್ಕ್ರೂ ಬಿಚ್ಚಿದರೆ ಪೈಪು ಮುಟ್ಟದೆಯೇ ಇದು ಈಚೆ ಬರುತ್ತೆ. ಪೈಪು ಬಿಚ್ಚದೆ ಬರಲ್ಲ ಅನ್ನೋ ಮಾಡೆಲ್ ಆದರೆ ಅಲ್ಲಿಗೇ ನಿಲ್ಲಿಸಿ. ಪೈಪು ಬಿಚ್ಚಿದರೆ ಗಾಳಿ ಸೇರುತ್ತೆ, ಅದನ್ನ ಪೂರ್ತಿ ತೆಗೆಯೋಕೆ ಎಷ್ಟೋ ಕಾರುಗಳಿಗೆ ಸ್ಕ್ಯಾನರ್ ಬೇಕೇ ಬೇಕು. ಅದು ಮನೆ ಕೆಲಸ ಅಲ್ಲ.

ಬಿಚ್ಚೋ ಮುಂಚೆ ಸುತ್ತಲಿನ ಧೂಳು ಒರೆಸಿ. ಪ್ರತಿ ಹಂತಕ್ಕೂ ಮೊಬೈಲಲ್ಲಿ ಫೋಟೋ ತೆಗೀರಿ, ವಾಪಸ್ ಜೋಡಿಸುವಾಗ ಅದೇ ಗುರು. ಪೆಟ್ಟಿಗೆ ಹೊರಗಿರೋವಾಗ ಗಾಡಿ ಓಡಿಸಬೇಡಿ, ನೀರು ಬೀಳದ ಹಾಗೆ ಪ್ಲಾಸ್ಟಿಕ್ ಕವರ್ ಕಟ್ಟಿಡಿ.

ಮುಚ್ಚಳ ಅಂಟು ಹಾಕಿ ಮುಚ್ಚಿರುತ್ತೆ. ತೆಳ್ಳನೆ ಬ್ಲೇಡಿನಿಂದ ಅಂಚಿನಲ್ಲಿ ಎರಡು ಮೂರು ಮಿ.ಮೀ. ಆಳಕ್ಕೆ ಮಾತ್ರ, ನಿಧಾನಕ್ಕೆ ಕೊಯ್ಯಿರಿ. ತೆರೆದ ಮೇಲೆ ನೀವು ನೋಡೋದು ಎರಡರಲ್ಲಿ ಒಂದು.

ಹಸಿರು ಬೋರ್ಡು, ಕಣ್ಣಿಗೆ ಕಾಣೋ ಸೋಲ್ಡರ್ ಗುಂಡುಗಳು ಇದ್ದರೆ ನಿಮ್ಮ ಅದೃಷ್ಟ. ಆದರೆ ಒಳಗೆ ಪಾರದರ್ಶಕ ಲೋಳೆ ತುಂಬಿದ್ದು, ಕೂದಲಿನಂಥ ಬೆಳ್ಳಿ ಬಣ್ಣದ ತಂತಿಗಳು ಬಿಳಿ ಪಿಂಗಾಣಿ ಹಲಗೆಗೆ ಅಂಟಿದ್ದರೆ ಕಡ್ಡಿ ಕೆಳಗಿಡಿ. ಅವು ಅಲ್ಯೂಮಿನಿಯಂ ತಂತಿ, ನಮ್ಮ ಸೋಲ್ಡರ್ ಅದಕ್ಕೆ ಹಿಡಿಯಲ್ಲ, ಮುಟ್ಟಿದರೆ ಮುರಿಯುತ್ತೆ. ಮುಚ್ಚಿ, ಇಂಥದ್ದನ್ನೇ ರಿಪೇರಿ ಮಾಡೋ ದೊಡ್ಡ ಊರಿನ ತಜ್ಞರಿಗೆ ಕೊರಿಯರ್ ಮಾಡಿ. ಹೊಸದರ ಬೆಲೆಗಿಂತ ಅದು ಸಾಮಾನ್ಯವಾಗಿ ಅಗ್ಗ.

ಹಸಿರು ಬೋರ್ಡಾದರೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ, ಓರೆಯಾಗಿ ಬೆಳಕು ಬಿಟ್ಟು ಒಂದೊಂದೇ ಪಿನ್ನು ನೋಡಿ. ಉಂಗುರದ ಬಿರುಕು ಕಂಡರೆ ಕಾಯಿಲೆ ಸಿಕ್ಕಿತು. ಅಲ್ಲಿಗೆ ಫ್ಲಕ್ಸ್ ಹಚ್ಚಿ, ಹಳೇ ಸೋಲ್ಡರನ್ನ ಹೀರೋ ಪಂಪಿನಿಂದ ತೆಗೆದು, 60/40 ಸೋಲ್ಡರ್ ಹೊಸದಾಗಿ ಹಾಕಿ. 60/40 ಸುಮಾರು 190 ಡಿಗ್ರಿಗೆ ಪೂರ್ತಿ ಕರಗುತ್ತೆ. ಸೀಸ ಇಲ್ಲದ ಕಂಪನಿ ಸೋಲ್ಡರಿಗೆ 217 ಡಿಗ್ರಿ ಮೇಲೆ ಬೇಕು. ದಪ್ಪ ಪಿನ್ನು ಶಾಖ ಎಳೆದುಕೊಳ್ಳುತ್ತೆ, ಅದಕ್ಕೆ 25 ವ್ಯಾಟಿನ ಕಡ್ಡಿ ಸಾಲಲ್ಲ, 60 ವ್ಯಾಟಿನದು ಬೇಕು. ಕಡ್ಡಿ ತುದಿ ಪಿನ್ನಿಗೂ ಬೋರ್ಡಿಗೂ ಒಟ್ಟಿಗೆ ತಾಗಲಿ, ಸೋಲ್ಡರ್ ತಾನೇ ಹರಿದು ಪಿನ್ನು ಅಪ್ಪಿಕೊಳ್ಳಬೇಕು. ಮೇಲೆ ಮಂಜಿನ ಹನಿ ಥರ ಕೂತರೆ ಅದು ಹಿಡಿದಿಲ್ಲ ಅಂತ ಅರ್ಥ. ಹೊಗೆ ಕುಡೀಬೇಡಿ, ಕೈ ತೊಳೆದೇ ಊಟಕ್ಕೆ ಕೂರಿ, ಸೀಸ ಇರುತ್ತೆ.

ಈ ಕೈಚಳಕ ನಿಮಗಿಲ್ಲ ಅಂದ್ರೆ ಅದರಲ್ಲಿ ನಾಚಿಕೆ ಏನಿಲ್ಲ. ಊರಿನ ಮೊಬೈಲ್ ರಿಪೇರಿ ಅಂಗಡಿ ಹುಡುಗ ಇದಕ್ಕಿಂತ ಹತ್ತು ಪಟ್ಟು ಸೂಕ್ಷ್ಮದ ಕೆಲಸ ದಿನಾ ಮಾಡ್ತಾನೆ. ಬಿಚ್ಚಿ ಜೋಡಿಸೋಕೆ ಗ್ಯಾರೇಜಿನ ಅಣ್ಣ, ಬೆಸುಗೆಗೆ ಮೊಬೈಲ್ ಅಂಗಡಿ ತಮ್ಮ. ನಮ್ಮ ಪಕ್ಕದ ತೋಟದ ಗೆಳೆಯರೊಬ್ಬರ ಕಾರು ಸರಿಯಾಗಿದ್ದು ಹೀಗೆ ಇಬ್ಬರನ್ನೂ ಒಂದೇ ಕಡೆ ಕೂರಿಸಿದ್ದರಿಂದ.

ಬೆಸುಗೆ ಆದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಫ್ಲಕ್ಸ್ ಒರೆಸಿ. ಪಕ್ಕದ ಪಿನ್ನಿಗೆ ಸೋಲ್ಡರ್ ಸೇತುವೆ ಆಗಿಲ್ಲ ಅಂತ ಜೂಮ್ ಮಾಡಿ ಖಚಿತ ಮಾಡ್ಕೊಳ್ಳಿ. ಮುಚ್ಚಳ ಅಂಟಿಸೋಕೆ ಎಲೆಕ್ಟ್ರಾನಿಕ್ಸಿಗೆ ಅಂತ ಬರೋ ಸಿಲಿಕೋನ್ ಅಂಟೇ ತಗೊಳ್ಳಿ. ವಿನೆಗರ್ ಥರ ಹುಳಿ ವಾಸನೆ ಬರೋದು ಬೇಡ, ಅದು ತಾಮ್ರ ತಿನ್ನುತ್ತೆ. ಒಂದು ದಿನ ಪೂರ್ತಿ ಒಣಗಲಿ.

ಪರೀಕ್ಷೆ ಮುಗಿಯೋವರೆಗೂ ಕೆಲಸ ಮುಗಿದಿಲ್ಲ

ಜೋಡಿಸಿ ಕೀ ಹಾಕಿದಾಗ ಎಬಿಎಸ್ ದೀಪ ಕೆಲ ಸೆಕೆಂಡ್ ಹತ್ತಿ ಆರಬೇಕು. ಸ್ಕ್ಯಾನರಿನಿಂದ ಹಳೇ ದೋಷ ಅಳಿಸಿ. ಗಾಡಿ ನಿಂತ ಕಡೆಯೇ ಪೆಡಲ್ ಒತ್ತಿ ನೋಡಿ, ಗಟ್ಟಿಯಾಗಿ ನಿಲ್ಲಬೇಕು, ಕೆಳಗೆ ಇಳೀತಾ ಹೋಗಬಾರದು. ಯೂನಿಟ್ಟಿನ ಸುತ್ತ ಆಯಿಲ್ ಜಿನುಗಬಾರದು.

ಆಮೇಲೆ ಜನ, ದನ ಯಾರೂ ಇಲ್ಲದ ಖಾಲಿ ಮೈದಾನ ಹುಡುಕಿ. ಅರ್ಧ ಗಂಟೆ ಓಡಿಸಿ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಒದ್ದೆ ಮಣ್ಣಿನಲ್ಲಿ 30 ಕಿ.ಮೀ. ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿ. ಪೆಡಲ್ ದಡದಡ ಅಂದು, ಗಾಡಿ ನೇರವಾಗಿ ನಿಂತರೆ ಸರಿ. ದೀಪ ಆರಿದೆ ಆದರೆ ಚಕ್ರ ಲಾಕ್ ಆಗಿ ಗೀರು ಬಿತ್ತು ಅಂದ್ರೆ ರಿಪೇರಿ ಆಗಿಲ್ಲ, ತಜ್ಞರ ಹತ್ತಿರ ಹೋಗಿ. ಏರ್‌ಬ್ಯಾಗ್ ಮಾಡ್ಯೂಲಿಗೆ ಮಾತ್ರ ಈ ಪ್ರಯೋಗ ಯಾವತ್ತೂ ಬೇಡ. ಅದನ್ನ ಹೀಗೆ ಮೈದಾನದಲ್ಲಿ ಪರೀಕ್ಷೆ ಮಾಡೋಕಾಗಲ್ಲ.

ಎರಡು ಮಾತು, ಎರಡೂ ದುಡ್ಡು ಉಳಿಸೋವು

ಸೋಲ್ಡರಿಂಗ್ ಕಲೀಬೇಕು ಅನ್ನೋರು ಬ್ರೇಕಿನಿಂದ ಶುರು ಮಾಡಬೇಡಿ. ಗುಜರಿಗೆ ಹೋಗೋ ಬ್ಯಾಟರಿ ಸ್ಪ್ರೇಯರ್ ಬೋರ್ಡು, ಕೆಟ್ಟ ಟಾರ್ಚು ಬಿಚ್ಚಿ ಅಭ್ಯಾಸ ಮಾಡಿ. ಬೋರ್‌ವೆಲ್ ಸ್ಟಾರ್ಟರಿನ ಆಟೋ ಬೋರ್ಡಿನಲ್ಲೂ ಇದೇ ಉಂಗುರದ ಬಿರುಕು ಬೀಳುತ್ತೆ, ಕಾಂಟ್ಯಾಕ್ಟರ್ ಟಪ್ ಟಪ್ ಅಂತ ಬಡಿಯೋ ಅದುರಿಗೆ. ಆ ಬೋರ್ಡನ್ನ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಪ್ಯಾನೆಲ್‌ನಿಂದ ಪೂರ್ತಿ ಹೊರಗೆ ತೆಗೆದ ಮೇಲೆಯೇ ಮುಟ್ಟಿ. ಅಲ್ಲಿರೋದು 415 ವೋಲ್ಟ್.

ಇನ್ನೊಂದು, ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವಾಗ ಕೀ ತಿರುಗಿಸಿ ಎಬಿಎಸ್ ದೀಪ ಹತ್ತುತ್ತಾ ಅಂತ ಮೊದಲು ನೋಡಿ, ಆರುತ್ತಾ ಅಂತ ಆಮೇಲೆ ನೋಡಿ. ಹತ್ತಲೇ ಇಲ್ಲ ಅಂದ್ರೆ ಯಾರೋ ಬಲ್ಬು ಕಿತ್ತಿರಬಹುದು ಇಲ್ಲವೇ ತಂತಿ ಕತ್ತರಿಸಿರಬಹುದು. ಅಂಥ ಕಾರಿನ ರೇಟು ಕೇಳೋ ಮುಂಚೆ ಸ್ಕ್ಯಾನ್ ಮಾಡಿಸಿ. ಮಾರೋರು ಒಪ್ಪದಿದ್ದರೆ ಬೇರೆ ಕಾರು ನೋಡಿ.