ಸಸ್ಪೆನ್ಷನ್ ಹೆಚ್ಚಿದ್ದಷ್ಟೂ ಸೈಕಲ್ ಒಳ್ಳೆಯದೇ?

ಪ್ರಶ್ನೆ: ಮುಂದೆ, ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಟ್ರೈಲ್ ಸೈಕಲ್ ಕೊಳ್ಳಬೇಕೆಂದಿದ್ದೇನೆ. ಚಕ್ರ ಮೇಲೆ ಕೆಳಗೆ ಸರಿಯುವ ಓಟ 130 ಮಿ.ಮೀ.ಗಿಂತ 150 ಮಿ.ಮೀ. ಇದ್ದರೆ ವಾಸಿಯಲ್ಲವೇ?

ಉತ್ತರ: ಆ ಒಂದು ಅಂಕಿ ನೋಡಿ ನಿರ್ಧರಿಸಬೇಡಿ. ಹಿಂದಿನ ಸಸ್ಪೆನ್ಷನ್ ಇರುವುದು ಬೆನ್ನಿನ ಸುಖಕ್ಕೆ ಎಂದು ಹಲವರು ತಿಳಿದಿದ್ದಾರೆ. ಅದರ ಮುಖ್ಯ ಕೆಲಸ ಟೈರನ್ನು ನೆಲ ಬಿಡದಂತೆ ಹಿಡಿಯುವುದು. ಕಲ್ಲಿಗೆ ಬಡಿದು ಮೇಲೆದ್ದ ಚಕ್ರಕ್ಕೆ ಬ್ರೇಕ್ ಹತ್ತುವುದಿಲ್ಲ, ತಿರುವೂ ದಕ್ಕುವುದಿಲ್ಲ. ಚಕ್ರ ಕಲ್ಲಿನ ಮೇಲೆ ಏರಿದಷ್ಟೇ ಸಲೀಸಾಗಿ ಗುಂಡಿಗೂ ಇಳಿಯಬೇಕು. ಅದಕ್ಕಾಗಿಯೇ ಸವಾರ ಕೂತಾಗ ಹಿಂದಿನ ಶಾಕ್ ಅಬ್ಸಾರ್ಬರ್ (ಶಾಕ್) ತನ್ನ ಓಟದ ಶೇ. 25ರಿಂದ 30ರಷ್ಟು ಕುಸಿದಿರಬೇಕು, ಇದೇ ಸ್ಯಾಗ್. ಶಾಕ್ ದಂಡದ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ, ಮೆಲ್ಲಗೆ ಕೂತು, ಕುಲುಕದೆ ಇಳಿಯಿರಿ. ಶಾಕ್‌ನ ಓಟ (ಚಕ್ರದ್ದಲ್ಲ) 50 ಮಿ.ಮೀ. ಇದ್ದರೆ ಉಂಗುರ 13ರಿಂದ 15 ಮಿ.ಮೀ. ಸರಿದಿರಬೇಕು. ಇಲ್ಲವಾದರೆ ಶಾಕ್‌ನ ಗಾಳಿ ಹೆಚ್ಚು ಕಡಿಮೆ ಮಾಡಿ. ಇಷ್ಟೂ ಹೊಂದಿಸದೆ ಓಡಿಸಿ ಕೊಟ್ಟ ತೀರ್ಪಿಗೆ ಬೆಲೆಯಿಲ್ಲ.

ಏರಿನಲ್ಲಿ ತುಳಿದ ಬಲವನ್ನೆಲ್ಲ ಶಾಕ್ ನುಂಗುತ್ತದೆ ಎಂಬ ಆಕ್ಷೇಪವಿದೆ. ನುಣುಪಾದ ರಸ್ತೆಯಲ್ಲಿ ನಿಂತು ತುಳಿದರೆ ಅದು ತಕ್ಕಮಟ್ಟಿಗೆ ನಿಜ. ಆದರೆ ಚೈನಿನ ಎಳೆತವೇ ಕುಸಿತವನ್ನು ತಡೆಯುವಂತೆ ಹಿಂಭಾಗದ ಕೀಲುಗಳನ್ನು ಕೂರಿಸಿರುತ್ತಾರೆ. ಬೇರು, ಸಡಿಲ ಕಲ್ಲುಗಳ ಏರಿನಲ್ಲಿ ಹಿಡಿತದ ಲಾಭವೇ ದೊಡ್ಡದು. ತೂಕ, ಬೆಲೆ, ನಿರ್ವಹಣೆಯ ಆಕ್ಷೇಪವೇ ಹೆಚ್ಚು ಗಟ್ಟಿ. ಮಲೆನಾಡಿನ ಮಳೆಗಾಲದ ಕೆಸರು ಕೀಲಿನ ಬೇರಿಂಗುಗಳನ್ನು ಬೇಗ ತಿನ್ನುತ್ತದೆ. ತೋಟದ ಜೀಪು ದಾರಿಯಷ್ಟೇ ನಿಮ್ಮದಾದರೆ ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್ಲೇ ಸಾಕು. ಹಳೆಯದನ್ನು ಕೊಳ್ಳುವುದಾದರೆ ಸೀಟು ಹಿಡಿದು ನಿಧಾನಕ್ಕೆ ಎತ್ತಿ. ಹಿಂಚಕ್ರ ನೆಲ ಬಿಡುವ ಮೊದಲೇ ಟಕ್ಕೆಂದರೆ ಶಾಕ್ ಬುಷ್ ಅಥವಾ ಬೇರಿಂಗ್ ಸವೆದಿರಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.